ಒಂದು ಟಿಪ್ಪರ್ ಮಣ್ಣು ಅಂದ್ರೆ ಎಷ್ಟು? ಬಕೆಟ್, ಟೇಪು, ವೇಬ್ರಿಡ್ಜ್ ಮೂರೂ ನೋಡಿದೆ

ತೋಟದಲ್ಲಿ ಕೃಷಿ ಹೊಂಡ ತೆಗೆಸಿ ಆ ಮಣ್ಣನ್ನ ನಮ್ಮದೇ ತಗ್ಗಿನ ಜಮೀನಿಗೆ ಹೊಡೆಸ್ತಿದ್ದೆ. ಜೆಸಿಬಿ 3ಡಿಎಕ್ಸ್, 10 ಚಕ್ರದ ಟಿಪ್ಪರ್, ಬಾಡಿಗೆ ಲೋಡ್ ಲೆಕ್ಕ. ಹಾಗಾಗಿ ಒಂದು ಲೋಡು ಅಂದ್ರೆ ಎಷ್ಟು ಅಂತ ನನಗೆ ಸರಿಯಾಗಿ ಗೊತ್ತಾಗ್ಲೇಬೇಕಿತ್ತು.

ಮೊದಲು ಬಕೆಟ್ ಎಣಿಸಿದೆ. ಜೆಸಿಬಿಯ ಮುಂಭಾಗದ ಬಕೆಟ್ 1.1 ಘನ ಮೀಟರ್, 11 ಹಾಕಿದ್ರೆ 12 ಘನ ಮೀಟರ್, ಬಾಡಿ ತುಂಬುತ್ತೆ ಅಂದ್ಕೊಂಡಿದ್ದೆ (ಹಿಂದಿನ ಅಗೆಯೋ ಬಕೆಟ್ ಅದರ ಕಾಲು ಭಾಗದಷ್ಟೇ, ಎರಡನ್ನೂ ಸೇರಿಸಿ ಎಣಿಸಬೇಡಿ). ಆದ್ರೆ ಒಣ ಕೆಮ್ಮಣ್ಣು ಜಾರಿಹೋಗಿ ಬಕೆಟ್ ತುಂಬ್ತಾನೇ ಇರಲಿಲ್ಲ, 13 ಬೇಕಾಯ್ತು, ಕೆಳಗಡೆ ಜೇಡಿ ಸಿಕ್ಕಾಗ ಗೋಪುರದ ಥರ ತುಂಬ್ಕೊಂಡು 11ಕ್ಕೇ ಬಾಡಿ ಮಟ್ಟ ಆಯ್ತು.

ಟೇಪು ಇದಕ್ಕಿಂತ ವಾಸಿ. ಬಾಡಿ ಒಳಗಡೆ 14 ಅಡಿ ಉದ್ದ, 7.5 ಅಗಲ, 4 ಎತ್ತರ, ಅಂದ್ರೆ 420 ಸಿಎಫ್‌ಟಿ (ಘನ ಅಡಿ), 100 ಸಿಎಫ್‌ಟಿಗೆ ಒಂದು ಬ್ರಾಸ್ ಲೆಕ್ಕದಲ್ಲಿ 4.2 ಬ್ರಾಸ್. ಹೊಂಡದ ಮೇಲಿನ ಪದರ 40 x 30 ಅಡಿ, 5 ಅಡಿ ಆಳ, ನೆಟ್ಟಗೆ ತೆಗೆಸಿದ್ದು, 6000 ಸಿಎಫ್‌ಟಿ, ಲೆಕ್ಕಕ್ಕೆ 14 ಚಿಲ್ಲರೆ ಲೋಡ್ ಆಗ್ಬೇಕು, ಆದ್ರೆ 18 ಆಯ್ತು! ಡ್ರೈವರ್ ಮೇಲೆ ಅನುಮಾನ ಪಟ್ಟೆ, ಅದು ನನ್ನ ತಪ್ಪು, ಆಮೇಲೆ ಅವರ ಹತ್ರ ಹೇಳ್ಕೊಂಡೆ ಕೂಡ. ಗಟ್ಟಿ ಮಣ್ಣು ಅಗೆದ ಮೇಲೆ ಸಡಿಲ ಆಗಿ ಉಬ್ಬುತ್ತೆ, ನಮ್ಮಲ್ಲಿ ಸುಮಾರು ಕಾಲು ಭಾಗ ಉಬ್ಬಿತ್ತು. ಅದಕ್ಕೇ ಗುಂಡಿ ಅಳತೇಲಿ ದುಡ್ಡೋ ಲೋಡ್ ಅಳತೇಲೋ ಅಂತ ಕೆಲಸ ಶುರು ಆಗೋ ಮುಂಚೇನೇ ಮಾತಾಡ್ಕೊಳ್ಳಿ.

ಕಣ್ಣು ತೆರೆಸಿದ್ದು ಮಾತ್ರ ವೇಬ್ರಿಡ್ಜ್, ಅಂದ್ರೆ ಗಾಡಿ ಸಮೇತ ತೂಗೋ ಕಾಟಾ. ಖಾಲಿ ಗಾಡಿ 11.6 ಟನ್, ಇಂಥ 10 ಚಕ್ರದ ಮೂರು ಆಕ್ಸಲ್ ಗಾಡಿಗೆ ಮಣ್ಣೂ ಸೇರಿ ಒಟ್ಟು 28.5 ಟನ್ ಮಿತಿ, ಅಂದ್ರೆ ಮಣ್ಣು 16.9 ಟನ್ ದಾಟಬಾರ್ದು. ಒಣ ಕೆಮ್ಮಣ್ಣು ಬಾಡಿ ಮಟ್ಟಕ್ಕೆ 15.4 ಟನ್, ಪರವಾಗಿಲ್ಲ. ಅದೇ ಬಾಡಿ, ಅದೇ ಮಟ್ಟ, ಹಸಿ ಜೇಡಿ ಹಾಕಿದ್ರೆ 18.9! ನೋಡೋಕೆ ಎರಡೂ ಒಂದೇ ಥರ ಇತ್ತು, ಟೇಪಲ್ಲೂ ಒಂದೇ ಬರುತ್ತೆ, ಆದ್ರೆ ಎರಡು ಟನ್ ಜಾಸ್ತಿ ಹೊತ್ಕೊಂಡು ಆ ಗಾಡಿ ನಮ್ಮೂರ ಇಳಿಜಾರಲ್ಲಿ ಬ್ರೇಕ್ ಹಿಡೀಬೇಕಲ್ಲ, ನೆನೆಸ್ಕೊಂಡ್ರೆ ಈಗ್ಲೂ ಭಯ ಆಗುತ್ತೆ. ಹಾಗಂತ ತೂಕದ ಮೇಲೆ ಬಾಡಿಗೆ ಕೊಡೋಕೆ ಹೋಗ್ಬೇಡಿ, ನೀರಿಗೂ ದುಡ್ಡು ಕೊಟ್ಟಂಗಾಗುತ್ತೆ.

ದುಡ್ಡಿನ ಲೆಕ್ಕಕ್ಕೆ ಟೇಪು, ಗಾಡಿ ಸುರಕ್ಷತೆಗೆ ತೂಕ. ಪ್ರತಿ ಟ್ರಿಪ್ಪೂ ತೂಗ್ಸೋಕಾಗಲ್ಲ, ಮಣ್ಣು ಬದಲಾದಾಗ ಒಂದೇ ಒಂದ್ಸಲ ತೂಗ್ಸಿ ಎಷ್ಟು ಬಕೆಟ್ ಅಂತ ಗೊತ್ತು ಮಾಡ್ಕೊಂಡ್ರೆ ಆಮೇಲೆ ಎಣಿಸಿದ್ರೆ ಸಾಕು. ಜೇಡಿಗೆ 9 ಬಕೆಟ್‌ಗೆ ನಿಲ್ಸಿ ಅಣ್ಣ ಅಂತ ಆಪರೇಟರ್‌ಗೆ ಹೇಳಿ ತೂಗಿಸಿದೆ, 15.6 ಟನ್ ಬಂತು, ಉಳಿದ ಟ್ರಿಪ್ಪೆಲ್ಲ ಅದೇ ಲೆಕ್ಕದಲ್ಲಿ ಹೊಡೆಸಿದ್ವಿ.