ಟಿಪ್ಪು ಹೆಸರು ಹೇಳಿ ಹುಲಿ ಬೊಂಬೆ ಮಾರುತ್ತಾರೆ, ಹುಷಾರು

ಇಂಗ್ಲೆಂಡಿನಲ್ಲಿರುವ ನಮ್ಮ ಕಡೆಯವರು, ಅದರಲ್ಲೂ ಹಳೇ ಸಾಮಾನಿನ ಹುಚ್ಚಿರುವವರು ದಯವಿಟ್ಟು ಓದಿ. ಬರೆಯಲು ನಾಚಿಕೆಯಾಗುತ್ತಿದೆ. ಆದರೂ ಬರೆಯುತ್ತೇನೆ, ಯಾಕಂದ್ರೆ ಆನ್‌ಲೈನ್‌ನಲ್ಲಿ ನನಗೆ ನಕಲಿ ಬೊಂಬೆ ಮಾರಿದ ಆಸಾಮಿ ಇನ್ನೂ ಮಾರುತ್ತಲೇ ಇದ್ದಾನೆ.

‘ಡೆತ್ ಆಫ್ ಮನ್ರೋ’ ಬೊಂಬೆ ಕೆಲವರಿಗೆ ಗೊತ್ತಿರಬಹುದು. 1820ರ ದಶಕದ ಆಸುಪಾಸಿನಲ್ಲಿ ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್‌ನ ಕುಂಬಾರರು ಮಾಡಿದ್ದು. ಸುಟ್ಟ ಮಣ್ಣು, ಮೇಲೆ ಗ್ಲೇಜ್ ಅನ್ನೋ ಗಾಜಿನಂಥ ಹೊಳಪು, ಅದರ ಮೇಲೆ ಬಣ್ಣ. ಬಿದ್ದಿರುವ ಅಧಿಕಾರಿಯ ತಲೆಗೆ ಹುಲಿ ಬಾಯಿ ಹಾಕಿದೆ. ಬ್ರಿಟಿಷ್ ಸೇನಾಪತಿ ಸರ್ ಹೆಕ್ಟರ್ ಮನ್ರೋನ ಮಗ 1792ರಲ್ಲಿ ಬಂಗಾಳದ ಸಾಗರ ದ್ವೀಪದಲ್ಲಿ ಹುಲಿ ಬಾಯಿಗೆ ಸಿಕ್ಕ ಕತೆ. 1799ರಲ್ಲಿ ಶ್ರೀರಂಗಪಟ್ಟಣದಿಂದ ಲೂಟಿಯಾಗಿ ಬಂದ ಟಿಪ್ಪುವಿನ ಮರದ ಹುಲಿ ಇದೆಯಲ್ಲ, ಅದೂ ಬಿಳಿಯನೊಬ್ಬನ ಮೇಲೆ ಎರಗಿರುವುದು, ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿರುವುದು, ಅದಕ್ಕೂ ಇದಕ್ಕೂ ನಂಟು ಹೇಳುತ್ತಾರೆ. ಅಸಲಿ ಬೊಂಬೆ ಹರಾಜಿಗೆ ಬರುವುದೇ ಅಪರೂಪ. ಬಂದರೆ ಸಾವಿರಾರು ಪೌಂಡ್.

ಈ ಆಸಾಮಿಯ ಹತ್ತಿರ ಒಂದಿತ್ತು. ಅದೂ ಕೈಗೆಟುಕುವ ಬೆಲೆಗೆ. ‘ಹುಲಿಯ ಒಂದು ಕಿವಿ ಮುರಿದಿತ್ತು, ಅಂಟಿಸಿದ್ದಾರೆ. ನಿಮಗೆ ಮುಚ್ಚಿಡಲ್ಲ, ಅದಕ್ಕೇ ಈ ರೇಟು’ ಅಂದ. ಎಂಥಾ ಸತ್ಯಹರಿಶ್ಚಂದ್ರ ನೋಡಿ! ಕಿವಿಯ ಸತ್ಯ ಹೇಳಿ ಉಳಿದದ್ದೆಲ್ಲ ನಂಬಿಸಿಬಿಟ್ಟ.

ನಾನು ಮೈಸೂರಿನವನು ಅಂತ ಗೊತ್ತಾಗಿದ್ದೇ ತಡ, ಅವನ ದನಿಯೇ ಬದಲಾಯಿತು. ‘ಮೈಸೂರಾ? ಹಾಗಾದರೆ ಇದು ನಿಮ್ಮ ಮನೆಗೇ ಸೇರಬೇಕಾದ ವಸ್ತು. ಬೇರೆ ಇಬ್ಬರು ಕೇಳಿದ್ದಾರೆ, ಆದರೂ ನಿಮಗೇ ಇಡುತ್ತೇನೆ.’ ಕಿವಿ ಮೇಲೆ ಹೂವು ಇಡೋದು ಅಂದ್ರೆ ಇದೇ. ಬ್ಯಾಂಕಿಗೆ ನೇರ ಹಾಕಿದರೆ ಇನ್ನೂ ಸ್ವಲ್ಪ ಕಡಿಮೆ ಅಂದ. ಹಾಕಿದೆ.

ಪೆಟ್ಟಿಗೆ ಬಂತು. ಎತ್ತಿದ ಕೂಡಲೇ ಎದೆ ಧಸಕ್ ಅಂತು. ಹಗುರ! ಆ ಕಾಲದವರು ಮಣ್ಣಿನ ಹಾಳೆಯನ್ನು ಅಚ್ಚಿಗೆ ಕೈಯಿಂದ ಒತ್ತಿ ಮಾಡುತ್ತಿದ್ದರು, ಗೋಡೆ ದಪ್ಪ, ಕೈಗೆ ಭಾರ. ಇದು ನೀರು ಮಣ್ಣನ್ನು ಅಚ್ಚಿಗೆ ಸುರಿದು ಮಾಡಿದ್ದು. ಮಿಕ್ಕ ಮಣ್ಣನ್ನು ಹೊರಗೆ ಸುರಿಯಲು ತಳದಲ್ಲಿ ಹೆಬ್ಬೆರಳು ತೂರುವಷ್ಟು ತೂತು. ಮೇಜಿಗೆ ತಾಗದ ಒಳಭಾಗದಲ್ಲೂ ಸವೆದ ಗೀರುಗಳು! ಇನ್ನೂರು ವರ್ಷ ಗಾಳಿಯಲ್ಲಿ ಉಜ್ಜಿದರೇನೋ.

ರಿಪೇರಿ ಕೆಲಸ ಗೊತ್ತಿರುವ ಒಬ್ಬರಿಗೆ ತೋರಿಸಿದೆ. ಅವರು ಮಾತಾಡಲಿಲ್ಲ. ಹತ್ತಿ ಸುತ್ತಿದ ಕಡ್ಡಿಯನ್ನು ಅಸಿಟೋನಿಗೆ (ಉಗುರುಬಣ್ಣ ತೆಗೆಯುವ ದ್ರವ) ಅದ್ದಿ ಅಧಿಕಾರಿಯ ಕೋಟಿನ ಅಂಚಿಗೆ ಮೆಲ್ಲಗೆ ಒತ್ತಿದರು. ಹತ್ತಿ ಕೆಂಪಾಯಿತು. ಗೂಡಿನಲ್ಲಿ ಸುಟ್ಟ ಬಣ್ಣ ಅಸಿಟೋನಿಗೆ ಬಿಡುವುದಿಲ್ಲ. ಹುಲಿಯ ಬೆನ್ನಿನಲ್ಲಿ ಕೂದಲೆಳೆಯಂಥ ಬಿರುಕುಗಳಿದ್ದವಲ್ಲ, ನಾನು ಹಳೆತನ ಅಂದುಕೊಂಡದ್ದು, ಅಲ್ಲಿ ಬಿಸಿನೀರಿನ ಹತ್ತಿ ಒತ್ತಿದರು. ಕಂದು ಬಣ್ಣ ಬಿಟ್ಟಿತು. ‘ಟೀ ಇರಬೇಕು’ ಅಂದರು. ಪಕ್ಕದಲ್ಲೇ ನನ್ನ ಹೆಂಡತಿ ನಿಂತಿದ್ದಳು. ಅವಳ ಮುಖ ನೋಡಲಾಗಲಿಲ್ಲ.

ಈಗ ಅವನ ಉತ್ತರಗಳು ಕೇಳಿ. ಮೊದಲು: ‘ಸಂತೆಗೆ ಹೋಗುತ್ತಿದ್ದೇನೆ, ಬಂದು ನೋಡುತ್ತೇನೆ.’ ಬರಲೇ ಇಲ್ಲ. ಆಮೇಲೆ: ‘ರಿಪೇರಿ ಆಗಿದೆ ಅಂತ ಮೊದಲೇ ಹೇಳಿದ್ದೆನಲ್ಲ?’ ಕಿವಿ ಸ್ವಾಮಿ, ಕಿವಿ! ಇಡೀ ಹುಲಿಯೇ ಹೊಸದು ಅಂತ ಹೇಳಿದ್ದೆಯಾ? ಆಮೇಲೆ: ‘ರಸೀದಿ ನೋಡಿ.’ ನೋಡಿದೆ. ವರ್ಷ ಇಲ್ಲ, ಸ್ಟಾಫರ್ಡ್‌ಶೈರ್ ಇಲ್ಲ. ‘ಅಲಂಕಾರದ ಬೊಂಬೆ, 1’ ಅಷ್ಟೇ. ಫೋನಿನಲ್ಲಿ ಟಿಪ್ಪು, ರಸೀದಿಯಲ್ಲಿ ಅಲಂಕಾರ. ಕೊನೆಗೆ: ‘ನಾನು ವ್ಯಾಪಾರಿಯಲ್ಲ, ಮನೆಯ ಸಾಮಾನು ಮಾರುತ್ತಿದ್ದೇನೆ.’ ಅವನ ಪುಟದಲ್ಲಿ ಸಾಲು ಸಾಲು ಬೊಂಬೆಗಳಿವೆ, ಯಾರ ಮನೆಯಪ್ಪಾ ಅದು?

‘ವ್ಯಾಪಾರಿಯಲ್ಲ’ ಅನ್ನೋ ಮಾತು ಅವನು ಸುಮ್ನೆ ಆಡಿದ್ದಲ್ಲ. ವ್ಯಾಪಾರಿಯಿಂದ ಆನ್‌ಲೈನ್‌ನಲ್ಲಿ ಕೊಂಡರೆ ವಸ್ತು ಕೈಗೆ ಬಂದ 14 ದಿನದೊಳಗೆ ಬೇಡ ಅನ್ನಬಹುದು. ಖಾಸಗಿಯವರಿಂದ ಕೊಂಡರೆ ಆ ಹಕ್ಕಿಲ್ಲ. ಸಂತೆಯ ನೆಪ ಯಾಕಿತ್ತು ಅಂತ ಈಗ ಅರ್ಥವಾಯಿತಲ್ವಾ?

ಹಾಗಾಗಿ, ದುಡ್ಡು ಕೊಡುವ ಮುಂಚೆ ವರ್ಷ, ಊರು, ರಿಪೇರಿ ಎಲ್ಲ ರಸೀದಿಯಲ್ಲಿ ಬರೆಸಿ. ತಳದ ಫೋಟೋ, ತೂಕ ಕೇಳಿ. ಕೊಡಲ್ಲ ಅಂದರೆ ಎದ್ದು ಬನ್ನಿ. 100 ಪೌಂಡಿಗಿಂತ ಜಾಸ್ತಿಯಾದರೆ ಕ್ರೆಡಿಟ್ ಕಾರ್ಡಿನಲ್ಲೇ ಕೊಡಿ, ಇಲ್ಲಿನ 1974ರ ಕನ್ಸ್ಯೂಮರ್ ಕ್ರೆಡಿಟ್ ಕಾಯ್ದೆಯ ಪ್ರಕಾರ ಕಾರ್ಡಿನವರನ್ನೂ ಹಿಡಿಯಬಹುದು. ಬ್ಯಾಂಕಿಗೆ ನೇರ ಹಾಕಿ ಅಂದವನನ್ನು ನಂಬಬೇಡಿ. ಮತ್ತೆ, ವ್ಯಾಪಾರ ಮುಗಿಯುವ ತನಕ ಯಾವ ಊರಿನವರು ಅಂತ ಬಾಯಿ ಬಿಡಬೇಡಿ.

ದೂರು ಕೊಟ್ಟಿದ್ದೇನೆ. ದುಡ್ಡು ಬಂದಿಲ್ಲ. ಇದೇ ಥರ ಹುಲಿ, ಒಂದು ಕಿವಿ ಅಂಟಿಸಿದ್ದು, ನಿಮ್ಮಲ್ಲಿ ಯಾರಿಗಾದರೂ ಮಾರಿದ್ದರೆ ಮೆಸೇಜುಗಳನ್ನು ಅಳಿಸಬೇಡಿ, ನನಗೆ ತಿಳಿಸಿ.