ವೀಕ್ಷಣಾ ಗೋಪುರದ ‘ಎರಡೂ ಅಂತಸ್ತು’ ಟಿಕೆಟ್: ಚಿಕ್ಕ ಮಕ್ಕಳಿರುವವರೇ, ಹಣ ಕೊಡುವ ಮುನ್ನ ಇದನ್ನು ಓದಿ

ಚಿಕ್ಕ ಮಕ್ಕಳನ್ನು ಕರೆದುಕೊಂಡು ಎತ್ತರದ ವೀಕ್ಷಣಾ ಗೋಪುರಕ್ಕೆ ಹೊರಟಿರುವವರು, ಮೇಲಿನ ಅಂತಸ್ತು ಆ ಹೊತ್ತಿನಲ್ಲಿ ತೆರೆದಿದೆಯೇ ಎಂದು ಬಾಯಿಬಿಟ್ಟು ಕೇಳದೆ ‘ಎರಡೂ ಅಂತಸ್ತು’ ಎಂಬ ಒಟ್ಟು ಟಿಕೆಟನ್ನು ದಯವಿಟ್ಟು ಕೊಳ್ಳಬೇಡಿ. ನಮಗೆ ಆದದ್ದನ್ನು ನಾನು ಮೋಸವೆಂದೇ ಕರೆಯುತ್ತೇನೆ. ಅವರು ಅದನ್ನು ನಿಯಮ ಎನ್ನುತ್ತಾರೆ.

ಎರಡು ಅಂತಸ್ತಿಗೆ ಎರಡು ದರವಿರುವುದಕ್ಕೆ ನನ್ನ ತಕರಾರಿಲ್ಲ. ಟೋಕಿಯೊ ಸ್ಕೈಟ್ರೀಯಲ್ಲಿ 350 ಮತ್ತು 450 ಮೀಟರ್ ಎತ್ತರದ ಅಂತಸ್ತುಗಳಿಗೂ, ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ 86 ಮತ್ತು 102ನೆಯ ಮಹಡಿಗಳಿಗೂ ದರ ಬೇರೆ ಬೇರೆಯೇ. ಗಾಳಿ ಜೋರಾದರೆ ಗೋಪುರದ ಜೊತೆಗೆ ಲಿಫ್ಟಿನ ಉದ್ದನೆಯ ಉಕ್ಕಿನ ಹಗ್ಗಗಳೂ ಓಲಾಡುವುದರಿಂದ ಲಿಫ್ಟನ್ನು ನಿಲ್ಲಿಸಲೇಬೇಕಾಗುತ್ತದೆ, ಅದೂ ಒಪ್ಪತಕ್ಕದ್ದೇ. ನನ್ನ ಸಿಟ್ಟು ಲಿಫ್ಟ್ ನಿಲ್ಲಿಸಿದ್ದಕ್ಕಲ್ಲ, ನಿಲ್ಲಿಸಿದ ಮೇಲೂ ಟಿಕೆಟ್ ಮಾರಿದ್ದಕ್ಕೆ.

ಮಗುವಿನ ತಳ್ಳುಗಾಡಿಯನ್ನು ಮೇಲಕ್ಕೆ ಬಿಡುವುದಿಲ್ಲವೆಂದು ಹೇಳಿದ್ದು ಟಿಕೆಟ್ ಸ್ಕ್ಯಾನ್ ಆದ ಮೇಲೆ. ನಿದ್ದೆಹೋಗಿದ್ದ ಮಗನನ್ನು ಹೆಗಲಿಗೆ ಹಾಕಿಕೊಂಡು, ಮಗಳ ಕೈ ಹಿಡಿದುಕೊಂಡು ಸಾಲಿನಲ್ಲಿ ನಿಂತೆವು. ಲಿಫ್ಟ್ ಸರ್ರನೆ ಏರುವಾಗ ಗಾಳಿಯ ಒತ್ತಡ ಕಡಿಮೆಯಾಗಿ ಇಬ್ಬರಿಗೂ ಕಿವಿ ಕಟ್ಟಿತು, ಮಗ ಎಚ್ಚರಗೊಂಡು ಚೀರತೊಡಗಿದ. (ಗುಟುಕು ನೀರು ಕುಡಿಸಿದರೆ ಕಿವಿ ಬಿಡುತ್ತದೆ, ಆದರೆ ನೀರಿನ ಬಾಟಲಿಯನ್ನೂ ಕೆಳಗೇ ಇಡಿಸಿಕೊಂಡಿದ್ದರು.)

ಮೊದಲ ಅಂತಸ್ತಿನಲ್ಲಿ, ಎರಡನೆಯ ಲಿಫ್ಟಿನ ಬಾಗಿಲ ಪಕ್ಕದಲ್ಲಿ ಒಂದು ಬಿಳಿ ಫಲಕವಿತ್ತು. ‘ಗಾಳಿಯ ಕಾರಣ ಮೇಲಿನ ಅಂತಸ್ತು ಮುಚ್ಚಿದೆ’ ಎಂದು ಮಾರ್ಕರಿನಲ್ಲಿ ಬರೆದು, ಕೆಳಗೆ ಸಮಯ ಹಾಕಿದ್ದರು: ಬೆಳಿಗ್ಗೆ 10.15. ನಾವು ಟಿಕೆಟ್ ಕೊಂಡದ್ದು ಮಧ್ಯಾಹ್ನ ಊಟವಾದ ಮೇಲೆ. ಆ ಸಮಯವನ್ನು ಮತ್ತೆ ಮತ್ತೆ ಓದಿದೆ. ಬೆಳಿಗ್ಗೆಯಿಂದ ಮುಚ್ಚಿರುವ ಜಾಗಕ್ಕೆ ಮಧ್ಯಾಹ್ನ ನಗುನಗುತ್ತಾ ಟಿಕೆಟ್ ಹರಿದುಕೊಟ್ಟಿದ್ದರು! ಅಕ್ಕಪಕ್ಕದವರೆಲ್ಲ ತಿರುಗಿ ನೋಡುವಂತೆ ನನ್ನ ದನಿ ಏರಿತೆಂಬುದು ನಿಜ.

ಅಲ್ಲಿದ್ದ ಹುಡುಗ, “ಮೇಡಂ, ಕೆಳಗೆ ಟಿಕೆಟ್ ಕೊಡುವವರಿಗೆ ಮೇಲಿನ ವಿಷಯ ಗೊತ್ತಿರುವುದಿಲ್ಲ,” ಎಂದ. ಕೆಳಗೆ ಫೋನ್ ಮಾಡಿ ತಿಳಿಸಲು ಏನು ಕಷ್ಟ ಎಂದರೆ ಮೌನ. ಮೇಲ್ವಿಚಾರಕರು ಬಂದು, “ಹವಾಮಾನ ನಮ್ಮ ಕೈಯಲ್ಲಿಲ್ಲ, ಟಿಕೆಟಿನ ಹಿಂದೆ ಬರೆದಿದೆ ನೋಡಿ,” ಎಂದರು. ಹವಾಮಾನ ಅವರ ಕೈಯಲ್ಲಿಲ್ಲ, ಸರಿ. ಟಿಕೆಟ್ ಮಾರುವುದು ಯಾರ ಕೈಯಲ್ಲಿದೆ? ಹೆಚ್ಚುವರಿ ಹಣವನ್ನಷ್ಟೇ ವಾಪಸ್ ಕೊಡಿ ಎಂದು ನನ್ನ ಪತಿ ಕೇಳಿದಾಗ ಅವರು ಕೊಟ್ಟ ಉತ್ತರ ಇದು: “ಮಕ್ಕಳಿಗೆ ಹೇಗೂ ಟಿಕೆಟ್ ಇಲ್ಲವಲ್ಲ ಸರ್, ನಿಮಗೇನು ಅಂಥ ನಷ್ಟ?” ಈ ಮಾತನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಇನ್ನು ಮಗಳು ನೋಡಿದ್ದಾದರೂ ಏನು? ಕಿಟಕಿಯ ಉದ್ದಕ್ಕೂ ಹಾಕಿದ್ದ ಉಕ್ಕಿನ ಅಗಲ ಪಟ್ಟಿ ಸರಿಯಾಗಿ ಅವಳ ಕಣ್ಣಿನ ಮಟ್ಟಕ್ಕೆ ಬರುತ್ತಿತ್ತು. ತುದಿಗಾಲಲ್ಲಿ ನಿಂತರೂ ಅವಳಿಗೆ ಕಂಡದ್ದು ಆಕಾಶ ಮಾತ್ರ. ಶೌಚಾಲಯ ನೆಲಮಹಡಿಯಲ್ಲಿ, ಒಮ್ಮೆ ಇಳಿದರೆ ಮರುಪ್ರವೇಶವಿಲ್ಲ. ಚಿಕ್ಕ ಮಕ್ಕಳಿರುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ಮೊದಲು ಕೆಳಗಿನ ಅಂತಸ್ತಿಗಷ್ಟೇ ಟಿಕೆಟ್ ಕೊಳ್ಳಿ, ಮೇಲಿನದನ್ನು ಅಲ್ಲಿಗೆ ಹೋದ ಮೇಲೆ ಕೊಳ್ಳಲು ಬರುತ್ತದೆಯೇ ಎಂದು ವಿಚಾರಿಸಿ. ತಳ್ಳುಗಾಡಿ, ನೀರು, ಶೌಚಾಲಯ, ಮರುಪ್ರವೇಶ ಇವಿಷ್ಟನ್ನೂ ಹಣ ಕೊಡುವ ಮೊದಲೇ ಕೇಳಿ. ಅವರು ಗೊಣಗಿದರೆ ಗೊಣಗಲಿ. ಸಾಧ್ಯವಾದರೆ ಕಾರ್ಡಿನಲ್ಲೇ ಪಾವತಿಸಿ, ಬ್ಯಾಂಕಿನ ಮೂಲಕವಾದರೂ ತಕರಾರು ಹೂಡಬಹುದು. ನಾವು ಕೊಟ್ಟ ದೂರಿಗೆ ಉತ್ತರವಾಗಿ ಅವರಿಂದ ಮೊದಲು ಬಂದದ್ದು ಮುಂದಿನ ಭೇಟಿಗೆ ರಿಯಾಯಿತಿಯ ಆಮಿಷ. ಆ ಫಲಕದ ಫೋಟೊವನ್ನು ನಮ್ಮ ಟಿಕೆಟಿನ ಸಮಯದ ಜೊತೆಗಿಟ್ಟು ಕಳುಹಿಸಿದೆ, ಅಂದಿನಿಂದ ಉತ್ತರವಿಲ್ಲ.