ಬಟನ್ ಸ್ಟಾರ್ಟ್ ಕಾರಿನಲ್ಲಿ ಎಸಿಸಿ ಕರೆಂಟ್ ಇಲ್ಲವೇ? ಟೆಸ್ಟ್ ಲ್ಯಾಂಪ್, ಮಲ್ಟಿಮೀಟರ್, ಸ್ಕ್ಯಾನರ್ ಹೋಲಿಕೆ

ಇಂಜಿನ್ ಸ್ಟಾರ್ಟ್ ಆಗುತ್ತದೆ, ಆದರೆ ಎಸಿಸಿಯಿಂದ (ಆಕ್ಸೆಸರಿ, ಅಂದರೆ ಇಂಜಿನ್ ಓಡದೆಯೂ ಸಣ್ಣ ಸಾಧನಗಳಿಗೆ ಕರೆಂಟ್ ಕೊಡುವ ಸ್ಥಿತಿ) ನಡೆಯುವ ಸ್ಟೀರಿಯೊ, ಚಾರ್ಜರ್ ಸಾಕೆಟ್ ಎರಡೂ ಸತ್ತಿವೆ. ಮುಂಬಯಿಯ ಮಳೆ, ಸಮುದ್ರದ ಉಪ್ಪುಗಾಳಿಯಲ್ಲಿ ಬಯಲಲ್ಲೇ ನಿಲ್ಲುವ ಗಾಡಿಗಳ ಫ್ಯೂಸ್ ಕಾಲುಗಳಿಗೂ, ಮೈನಸ್ ವೈರನ್ನು ಗಾಡಿಯ ಮೈಗೆ ಬಿಗಿಯುವ ಅರ್ಥ್ ಬೋಲ್ಟಿಗೂ ಹಸಿರು ಕಿಲುಬು ಹತ್ತುತ್ತದೆ. ಈ ದೋಷ ಹುಡುಕಲು ಮೂರೂ ಉಪಕರಣ ಬಳಸಿ ನೋಡಿದಾಗ ಕಂಡದ್ದು ಇಲ್ಲಿದೆ.

ಉಪಕರಣ ಮುಟ್ಟುವ ಮೊದಲು ಬ್ರೇಕ್ ಅಥವಾ ಕ್ಲಚ್ ತುಳಿಯದೆ ಬಟನ್ ಒತ್ತಿ. ಹೆಚ್ಚಿನ ಗಾಡಿಗಳಲ್ಲಿ ಮೊದಲ ಒತ್ತಿಗೆ ಎಸಿಸಿ, ಎರಡನೆಯದಕ್ಕೆ ಆನ್, ಮೂರನೆಯದಕ್ಕೆ ಆಫ್. ಒಂದೇ ಸಾಧನ ಸತ್ತಿದ್ದರೆ ಅದರ ಫ್ಯೂಸ್ ನೋಡಿ. ಎಸಿಸಿಯ ಎಲ್ಲವೂ ಒಟ್ಟಿಗೆ ಸತ್ತಿದ್ದರೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್), ಇಲ್ಲವೇ ಅದಕ್ಕೆ ಆಜ್ಞೆ ಕೊಡುವ ಬಾಡಿ ಮಾಡ್ಯೂಲ್ ಎಂಬ ಕಂಪ್ಯೂಟರಿನ ಕಡೆ ಅನುಮಾನ.

ಮಲ್ಟಿಮೀಟರ್ ಒಂದನ್ನೇ ನಂಬಿದರೆ ಮೋಸ ಹೋಗುವುದು ಇಲ್ಲೇ. ಅದರ ಒಳತಡೆ ಸಾಮಾನ್ಯವಾಗಿ 10 ಮೆಗಾಓಮ್, ಎಳೆಯುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ. ಹೀಗಾಗಿ ಕಿಲುಬಿನಿಂದ ದಾರಿಯಲ್ಲಿ 100 ಓಮ್ ತಡೆ ಇದ್ದರೂ ಮೀಟರ್ 12.4 ವೋಲ್ಟ್ ಎಂದೇ ತೋರಿಸುತ್ತದೆ. ಅದೇ ಜಾಗದಲ್ಲಿ 5 ವ್ಯಾಟ್ ಬಲ್ಬಿನ ಟೆಸ್ಟ್ ಲ್ಯಾಂಪ್ ಹಿಡಿದರೆ ಅದು ಸುಮಾರು 0.4 ಆಂಪಿಯರ್ ಕೇಳುತ್ತದೆ. ಸಿಗದೆ ಕೆಂಪಗೆ ಮಿಣುಕುತ್ತದೆ ಅಥವಾ ಹತ್ತುವುದೇ ಇಲ್ಲ. ಫ್ಯೂಸ್ ಬಾಕ್ಸ್ ನೋಡಲು ಮೊದಲ ಆಯ್ಕೆ ಈ ಲ್ಯಾಂಪೇ. ಮುಂಬಯಿಯ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಾದ ಲ್ಯಾಮಿಂಗ್ಟನ್ ರೋಡಿನಲ್ಲಿ ಕೊಳ್ಳುವಾಗ ಬಲ್ಬಿನದ್ದೇ ಬೇಕೆಂದು ಹೇಳಿ. ಎಲ್‌ಇಡಿಯದು ಮೀಟರಿನಂತೆಯೇ ಮೋಸ ಮಾಡುತ್ತದೆ.

ಆದರೆ ಏರ್‌ಬ್ಯಾಗಿನ ಹಳದಿ ಕನೆಕ್ಟರಿಗೂ ಮಾಡ್ಯೂಲಿನ ಸಿಗ್ನಲ್ ವೈರುಗಳಿಗೂ ಲ್ಯಾಂಪ್ ತಾಗಿಸಲೇಬೇಡಿ. ಮಾಡ್ಯೂಲ್ ವೈರುಗಳಿಗೆ ಮೀಟರೇ ಸರಿ. ಏರ್‌ಬ್ಯಾಗಿನ ವೈರುಗಳಿಗೆ ಅದನ್ನೂ ಹಿಡಿಯಬೇಡಿ.

ಮೀಟರಿನ ನಿಜವಾದ ಬೆಲೆ ತಿಳಿಯುವುದು ವೋಲ್ಟೇಜ್ ಡ್ರಾಪ್, ಅಂದರೆ ದಾರಿಯಲ್ಲಿ ಕಳೆದುಹೋಗುವ ವೋಲ್ಟೇಜ್ ಅಳೆಯುವಾಗ. ಸಾಕೆಟ್ಟಿಗೆ ಲ್ಯಾಂಪ್ ಸಿಕ್ಕಿಸಿ, ಅದು ಕರೆಂಟ್ ಎಳೆಯುತ್ತಿರುವಾಗಲೇ ಬ್ಯಾಟರಿಯ ಪ್ಲಸ್ಸಿನಿಂದ ಸಾಕೆಟ್ಟಿನ ನಡುವಿನ ಪಿನ್ನಿಗೆ ಅಳೆಯಿರಿ. ಬಳಿಕ ಸಾಕೆಟ್ಟಿನ ಹೊರಸುತ್ತಿನಿಂದ ಬ್ಯಾಟರಿಯ ಮೈನಸ್ಸಿಗೆ. ಇಷ್ಟು ಸಣ್ಣ ಲೋಡಿಗೆ ಎರಡೂ ಕಡೆ 0.2 ವೋಲ್ಟಿನ ಒಳಗಿರಬೇಕು. ಎರಡನೆಯದು ಏರಿದ್ದರೆ ದೋಷ ಅರ್ಥ್ ಕಡೆಯದು, ಫ್ಯೂಸ್ ಬದಲಿಸಿ ಫಲವಿಲ್ಲ. ರಿಲೇಯ ಕಾಯಿಲಿನ ಪಿನ್ನುಗಳಾದ 85 ಮತ್ತು 86ರ ನಡುವೆ 12 ವೋಲ್ಟ್ ಬಂದು, ಕರೆಂಟ್ ಒಳಬರುವ 30ನೇ ಪಿನ್ನಿನಲ್ಲಿ ಕರೆಂಟ್ ಇದ್ದೂ ಹೊರಹೋಗುವ 87ಕ್ಕೆ ದಾಟದಿದ್ದರೆ ರಿಲೇಯೇ ಕೆಟ್ಟಿದೆ: ಒಳಗಿನ ಕಾಂಟ್ಯಾಕ್ಟ್ ಅಥವಾ ಕಾಯಿಲ್ ಸುಟ್ಟಿರುತ್ತದೆ.

ಕಾಯಿಲಿಗೇ ವೋಲ್ಟೇಜ್ ಬರದಿದ್ದಾಗ ಮಾತ್ರ, ಗಾಡಿಯ ಮಾಡ್ಯೂಲುಗಳಿಂದ ದೋಷದ ಕೋಡುಗಳನ್ನು ಓದುವ ಸ್ಕ್ಯಾನರ್ ಬೇಕಾಗುತ್ತದೆ. ಅಗ್ಗದ ಇಎಲ್‌ಎಮ್327 ಸ್ಕ್ಯಾನರ್ ಬಹುತೇಕ ಇಂಜಿನ್ನಿನ ಪಿ ಕೋಡುಗಳಲ್ಲೇ ನಿಲ್ಲುತ್ತದೆ. ಬಾಡಿಯ ಬಿ, ಮಾಡ್ಯೂಲುಗಳ ನಡುವಿನ ಸಂಪರ್ಕದ ಯು ಕೋಡುಗಳನ್ನು ಓದುವ, ಬಟನ್ ಒತ್ತಿದ್ದು ಮಾಡ್ಯೂಲಿಗೆ ತಲುಪಿತೇ ಎಂದು ತೋರಿಸುವ ಸ್ಕ್ಯಾನರ್ ಇದ್ದರೆ ಅರ್ಧ ಡ್ಯಾಶ್‌ಬೋರ್ಡ್ ಬಿಚ್ಚುವುದು ತಪ್ಪುತ್ತದೆ. ಕೆಲವು ಗಾಡಿಗಳಲ್ಲಿ ಸ್ಕ್ಯಾನರಿನ ಪೋರ್ಟಿಗೂ ಚಾರ್ಜರ್ ಸಾಕೆಟ್ಟಿಗೂ ಒಂದೇ ಫ್ಯೂಸ್. ಅದು ಹೋಗಿದ್ದರೆ ಸ್ಕ್ಯಾನರೂ ಹತ್ತುವುದಿಲ್ಲ, ಸ್ಕ್ಯಾನರ್ ಕೆಟ್ಟಿತೆಂದುಕೊಳ್ಳಬೇಡಿ. ಕೆಲಸ ಮುಗಿದ ಮೇಲೆ ಸ್ಕ್ಯಾನರನ್ನು ಕಿತ್ತಿಡಿ, ಇಲ್ಲದಿದ್ದರೆ ಬ್ಯಾಟರಿ ಇಳಿಯಬಹುದು. ಪೋರ್ಟಿನ 16ನೇ ಪಿನ್ನಿಗೆ ಗಾಡಿ ಆಫ್ ಇದ್ದಾಗಲೂ ಬ್ಯಾಟರಿಯ ಕರೆಂಟ್ ಇರುತ್ತದೆ.

ಫ್ಯೂಸ್ ಹಾಕಿದ ಕೂಡಲೇ ಮತ್ತೆ ಸುಟ್ಟರೆ ಟಾರ್ಚ್ ಹಿಡಿದು ಸಾಕೆಟ್ಟಿನೊಳಗೆ ನೋಡಿ, ನಾಣ್ಯ ಬಿದ್ದಿರಬಹುದು. ಫ್ಯೂಸ್ ತೆಗೆದ ಮೇಲೆಯೇ ಅದನ್ನು ಎತ್ತಿ. 15 ಆಂಪಿಯರಿನ ನೀಲಿ ಫ್ಯೂಸ್ ಜಾಗಕ್ಕೆ 20ರ ಹಳದಿ ಹಾಕಬೇಡಿ. ಮುಂದಿನ ಸಲ ಸುಡುವುದು ವೈರು.